ಸೋಮವಾರದ ಹಳದಿ ದೀಪ

ನಮ್ಮ ಕಾರಿನ ಸ್ಟಿಯರಿಂಗಿನ ಹಿಂದೆ, ವೇಗ ತೋರಿಸುವ ಮುಳ್ಳಿನ ಪಕ್ಕದಲ್ಲಿ, ಇಂಜಿನ್ನಿನ ಆಕಾರದ ಒಂದು ಪುಟ್ಟ ಹಳದಿ ದೀಪವಿದೆ. ಕೀ ತಿರುಗಿಸಿದಾಗ ಉಳಿದ ದೀಪಗಳ ಜೊತೆ ಅದೂ ಹೊತ್ತಿಕೊಳ್ಳುತ್ತದೆ, ಇಂಜಿನ್ ಶುರುವಾದ ಮೇಲೆ ಆರುತ್ತದೆ. ಆಮೇಲೂ ಹೊತ್ತಿಕೊಂಡರೆ ಇಂಜಿನ್ನಿನಲ್ಲಿ ಏನೋ ಸರಿಯಿಲ್ಲ, ಯಾರಿಗಾದರೂ ತೋರಿಸಿ ಎಂದು ಅರ್ಥ. ಹೋದ ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಆ ದೀಪ ನನಗೆ ಕಾಣಿಸಿಕೊಳ್ಳತೊಡಗಿತು. ನನಗೊಬ್ಬಳಿಗೇ. ನಮ್ಮ ಯಜಮಾನರು ಓಡಿಸಿದರೆ ಇಲ್ಲ, ಮೆಕ್ಯಾನಿಕ್ ಓಡಿಸಿದರೆ ಇಲ್ಲ. ನಾನು ಕೂತಾಗ ಬರುತ್ತಿತ್ತು, ಅದೂ ಪ್ರತಿ ಸಲವಲ್ಲ, ಅದಕ್ಕೆ ಮನಸ್ಸು ಬಂದಾಗ.

ನಾನು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನೌಕರಿ ಮುಗಿಸಿದವಳು. ಕೌಂಟರಿನ ಈಚೆಯಿಂದ ನಾನು ಹೇಳಿದ್ದನ್ನು ಆಚೆ ನಿಂತವರು ನಂಬುತ್ತಿದ್ದರು, ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಹಾಗಾಗಿ ಕಂಡದ್ದನ್ನು ಕಂಡ ಹಾಗೆ ಹೇಳಿದ ಮೇಲೂ ಯಾರಾದರೂ ಹುಬ್ಬು ಏರಿಸಿದರೆ ನನಗೆ ಸರ್ರನೆ ಸಿಟ್ಟು ಬರುತ್ತದೆ. ಮನೆಯಲ್ಲಿ ಆ ಸಿಟ್ಟಿಗೆ ಯಾರೂ ಕಿಮ್ಮತ್ತು ಕೊಡುವುದಿಲ್ಲ ಎನ್ನುವುದು ಬೇರೆ ಮಾತು.

ಕಾರು ಕಲಿತದ್ದು ನಿವೃತ್ತಿಯಾದ ಮೇಲೆ. ಅಲ್ಲಿಯ ತನಕ ಸ್ಕೂಟರೇ. ಕುವೆಂಪುನಗರದಲ್ಲಿ ಹಾಲು, ತರಕಾರಿ, ಔಷಧಿ ಎಲ್ಲಕ್ಕೂ ಸ್ಕೂಟರು ಸಾಕು. ಮನೆಯಲ್ಲಿ ಕಾರಿದ್ದರೂ ಅದು ಯಜಮಾನರದು ಎಂದು ನಾನು ಅದರ ತಂಟೆಗೆ ಹೋದವಳಲ್ಲ. ಆಮೇಲೆ ಒಂಟಿಕೊಪ್ಪಲಿನಲ್ಲಿರುವ ನನ್ನ ಅಕ್ಕನಿಗೆ ಲಕ್ವ ಹೊಡೆದು ಎಡಗಾಲು, ಎಡಗೈ ಎರಡೂ ಸ್ವಾಧೀನ ತಪ್ಪಿದವು. ವಾರಕ್ಕೆ ಮೂರು ದಿನ, ಸೋಮವಾರ, ಗುರುವಾರ, ಶನಿವಾರ, ಫಿಸಿಯೋಥೆರಪಿಗೆ ಕರೆದುಕೊಂಡು ಹೋಗಬೇಕೆಂದು ಡಾಕ್ಟರು ಹೇಳಿದರು. ಅಕ್ಕನ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಆಟೋದ ಮೆಟ್ಟಿಲಿಗೆ ಅವಳ ಕಾಲು ಏಳುತ್ತಿರಲಿಲ್ಲ. ಒಂದು ಸಲ ಹತ್ತಿಸಲು ಹೋಗಿ ಇಬ್ಬರೂ ರಸ್ತೆಯಲ್ಲಿ ಕೂತುಬಿಟ್ಟೆವು. ಅವತ್ತು ಸಂಜೆಯೇ ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ.

ಯಜಮಾನರು ಕುವೆಂಪುನಗರ ದಾಟಿ ಕಾರು ಓಡಿಸುವುದಿಲ್ಲ. ಕಣ್ಣಿನ ಆಪರೇಷನ್ ಆದ ಮೇಲೆ ಎದುರಿನ ಗಾಡಿ ಎಷ್ಟು ದೂರದಲ್ಲಿದೆ ಎನ್ನುವುದು ಅಂದಾಜಿಗೆ ಸಿಗುವುದಿಲ್ಲ ಅನ್ನುತ್ತಾರೆ. ಆದ್ದರಿಂದ ಅಕ್ಕನ ಸವಾರಿ ಪೂರ್ತಿ ನನ್ನ ಪಾಲಿಗೆ ಬಂತು. ಎರಡು ವರ್ಷದಲ್ಲಿ ಅವಳು ವಾಕರ್ ಹಿಡಿದು ಕೋಣೆಯಿಂದ ಹಜಾರಕ್ಕೆ ಬರುವಷ್ಟಾಗಿದ್ದಳು. ಕಾರು ನಿಂತರೆ ಅವಳ ನಡಿಗೆಯೂ ಅಲ್ಲಿಗೇ ನಿಲ್ಲುತ್ತದೆ ಎನ್ನುವುದು ನಮಗೆಲ್ಲ ಗೊತ್ತಿತ್ತು.

ಕಾರು ಓಡಿಸಲು ಶುರು ಮಾಡಿದ ಹೊಸದರಲ್ಲಿ ನಾನು ಒಂದು ಸಲ ಗೇಟಿನ ಕಂಬಕ್ಕೆ ಎಡಗಡೆಯ ಬಾಗಿಲು ಉಜ್ಜಿದೆ. ಯಜಮಾನರು ಮೇಲಿನ ಬಾಲ್ಕನಿಯಿಂದ ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಇಳಿದು ಬಂದವರು ಬಾಗಿಲನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ನಿಂಗೆ ಗೇಟಲ್ಲಿ ತೆಗ್ಯೋಕೆ ಬರಲ್ಲ. ಇನ್ಮೇಲೆ ನಾನೇ ಆಚೆ ಇಟ್ಟಿರ್ತೀನಿ" ಅಂದರು. ಅಲ್ಲಿಂದ ಮುಂದೆ ನಾನು ಸೀರೆ ಉಟ್ಟು ಹೊರಗೆ ಬರುವಷ್ಟರಲ್ಲಿ ಕಾರು ಗೇಟಿನಾಚೆ ರಸ್ತೆಯ ಬದಿಯಲ್ಲಿ ನಿಂತಿರುತ್ತಿತ್ತು. ಹಿಂದಿನ ಸೀಟಿನ ಮೇಲೆ ನನ್ನ ಕೊಡೆಯೂ ಇರುತ್ತಿತ್ತು, ಬಿರುಬೇಸಿಗೆಯಲ್ಲೂ. ಕೊಡೆ ಮರೆಯುವವಳು, ಗೇಟು ದಾಟಲು ಬಾರದವಳು ಎಂದು ನನ್ನ ಬಗ್ಗೆ ತೀರ್ಮಾನವಾದಂತಿತ್ತು. ಗುರುವಾರ ಮಾತ್ರ ಕಾರು ಶೆಡ್ಡಿನಲ್ಲೇ ಇರುತ್ತಿತ್ತು. ಅವರಿಗೆ ಮರೆತುಹೋಗಿರಬೇಕು ಎಂದುಕೊಂಡು ನಾನೇ ತೆಗೆಯುತ್ತಿದ್ದೆ. ಒಂದು ಗುರುವಾರವೂ ಕಂಬಕ್ಕೆ ತಾಗಲಿಲ್ಲ. ಅದನ್ನು ನೋಡಿ ಶಹಬ್ಬಾಸ್ ಅನ್ನಲು ಬಾಲ್ಕನಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಕಾರನ್ನು ಆಚೆ ಇಡುವುದು ಅವಮಾನ ಎಂದು ನಾನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಆದರೆ ಅವಮಾನ ಆಗುತ್ತಿತ್ತು. ಎದುರು ಮನೆಯವರು ದಿನವೂ ನೋಡುತ್ತಾರಲ್ಲ ಅನ್ನಿಸುತ್ತಿತ್ತು. ಆ ಅವಮಾನ ಸ್ಟಿಯರಿಂಗ್ ಹಿಡಿದ ಮೇಲೂ ಕೈಯಲ್ಲಿ ಉಳಿಯುತ್ತಿತ್ತು. ಸರ್ಕಲ್ಲಿನಲ್ಲಿ ಹಿಂದಿನವನು ಹಾರ್ನ್ ಹೊಡೆದರೆ ನನ್ನದೇ ಏನೋ ತಪ್ಪಾಗಿದೆ ಎಂದು ಕೈ ಬೆವರುತ್ತಿತ್ತು.

ಇಂಥ ಹೊತ್ತಿನಲ್ಲಿ ದೀಪ ಬಂತು. ಮೊದಲ ಸಲ ಒಂದು ಸೋಮವಾರ ಬೆಳಿಗ್ಗೆ, ಮನೆ ಬಿಟ್ಟು ಎರಡು ರಸ್ತೆ ದಾಟುವುದರೊಳಗೆ. ಅಕ್ಕನನ್ನು ಕರೆದುಕೊಂಡು, ಥೆರಪಿ ಮುಗಿಸಿ, ವಾಪಸು ಬಿಟ್ಟು ಮನೆಗೆ ಹೊರಟಾಗ ನೋಡಿದರೆ ಇಲ್ಲ. ಯಜಮಾನರಿಗೆ ಹೇಳಿದೆ. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದವರು. ನಿಂತ ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡಿದರು, ನೋಡಿದರು, ಇಳಿದರು.

"ಎಲ್ಲಿದೆ?"

"ಆಗ ಇತ್ತು."

"ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸರಿಯಾಗಿ ತಿರುಗಿಸಿರಲ್ಲ ನೀನು. ಅದಕ್ಕೂ ಬರುತ್ತಂತೆ."

ಮುಚ್ಚಳ ತಿರುಗಿಸುವುದು ಬಂಕಿನವರು, ನಾನಲ್ಲ. ಆದರೂ ಅವತ್ತಿನಿಂದ ಬಂಕಿನಲ್ಲಿ ಇಳಿದು ನಿಂತು ಮುಚ್ಚಳ ಬಿಗಿಯಾಗಿದೆಯೋ ಎಂದು ನೋಡತೊಡಗಿದೆ. ದೀಪ ಮತ್ತೆ ಬಂತು. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀಯ ಅಂದರು. ಕಾಲು ತೆಗೆದೆ. ಮತ್ತೆ ಬಂತು. ಅಕ್ಕನ ಮನೆಯ ಮುಂದೆ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಬಂದೆ. ಅದನ್ನು ಕನ್ನಡಕ ಹಾಕಿಕೊಂಡು, ಕನ್ನಡಕ ತೆಗೆದು, ಎರಡೂ ಥರ ನೋಡಿದರು.

"ಕೀ ಆನ್ ಮಾಡ್ದಾಗ ಎಲ್ಲಾ ಲೈಟೂ ಹೀಗೇ ಬರುತ್ತೆ ಕಣೆ. ಆವಾಗ ತೆಗ್ದಿದೀಯ."

"ಇಂಜಿನ್ ಓಡ್ತಿತ್ತು ಅಂತಿದೀನಲ್ಲ."

"ಫೋಟೋದಲ್ಲಿ ಇಂಜಿನ್ ಓಡೋ ಸದ್ದು ಕೇಳಲ್ವಲ್ಲ" ಅಂದರು. ನನಗೆ ಆ ಮೊಬೈಲನ್ನೇ ಎತ್ತಿ ಕುಕ್ಕುವಷ್ಟು ಸಿಟ್ಟು ಬಂದಿತ್ತು.

ಅದರ ಮೇಲೆ, ನನ್ನ ಸಮಾಧಾನಕ್ಕೆಂದು, ಅವರು ಬಾನೆಟ್ ಎತ್ತಿ ಬ್ಯಾಟರಿಯ ವೈರು ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕುತ್ತಿದ್ದರು. ಹಾಗೆ ಮಾಡಿದರೆ ಕಂಪ್ಯೂಟರು ಹೊಸದಾಗಿ ಯೋಚಿಸುತ್ತದೆ ಎನ್ನುವುದು ಅವರ ವಾದ. ಕಾರು ತನಗೆ ಆದ ತೊಂದರೆಯನ್ನು ನೆನಪಿಟ್ಟುಕೊಳ್ಳುತ್ತದೆ, ವೈರು ಬಿಚ್ಚಿದರೆ ಆ ನೆನಪು ಅಳಿಸಿಹೋಗುತ್ತದೆ ಎಂದು ನಮಗೆ ಆಮೇಲೆ ಗೊತ್ತಾಯಿತು. ನಾನು ದೂರು ಕೊಟ್ಟಾಗಲೆಲ್ಲ ಅವರು ಸಾಕ್ಷಿಯನ್ನೇ ಒರೆಸಿ ಹಾಕುತ್ತಿದ್ದರು. ಬೇಕೆಂದು ಮಾಡಿದ್ದಲ್ಲ.

ನಮ್ಮ ಬಡಾವಣೆಯ ಮೆಕ್ಯಾನಿಕ್ಕಿಗೂ ತೋರಿಸಿದ್ದಾಯಿತು. ಅವರು ಕಾರನ್ನು ಒಂದು ಸುತ್ತು ಓಡಿಸಿ ಬಂದು, ನನ್ನನ್ನು ಬಿಟ್ಟು ಯಜಮಾನರಿಗೆ ವರದಿ ಒಪ್ಪಿಸಿದರು. "ಗಾಡಿ ಬೆಣ್ಣೆ ಇದ್ದಂಗದೆ ಸರ್. ಮೇಡಮ್ಮೋರಿಗೆ ಇನ್ನೂ ಗಾಬರಿ ಓಗಿಲ್ಲ, ಅಷ್ಟೇಯ." ಗಾಬರಿ ಎನ್ನುವ ಆ ಮಾತು ಮನೆಯಲ್ಲಿ ಬೇರು ಬಿಟ್ಟಿತು. ದೀಪ ಇರುವುದು ಕಾರಿನಲ್ಲಲ್ಲ, ನನ್ನ ತಲೆಯಲ್ಲಿ ಎನ್ನುವ ಧಾಟಿಯಲ್ಲಿ ಯಜಮಾನರು ಮಾತಾಡತೊಡಗಿದರು. ಒಂದೆರಡು ಸಲ ನನಗೂ ಹಾಗೇ ಅನ್ನಿಸಿತು ಎಂದರೆ ಸುಳ್ಳಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಂಡೂ ಬಂದೆ. ಕಣ್ಣು ಸರಿಯಿತ್ತು.

ಧನುರ್ಮಾಸದ ಚಳಿಯಲ್ಲಿ ದೀಪ ಇನ್ನೂ ಹೆಚ್ಚಾಗಿ ಬರತೊಡಗಿತು. ಆಗ ಒಂದು ಭಾನುವಾರ ಊಟದ ಹೊತ್ತಿನಲ್ಲಿ ಯಜಮಾನರು, ಕಾರು ಕೊಟ್ಟುಬಿಡೋಣ ಅಂದರು. ಅವರ ಜೊತೆ ವಾಕಿಂಗ್ ಮಾಡುವ ಗೆಳೆಯರೊಬ್ಬರು ಮಗಳು ಕಲಿಯಲು ಹಳೆಯ ಕಾರು ಹುಡುಕುತ್ತಿದ್ದರಂತೆ. ಮುಂದಿನ ಭಾನುವಾರ ಬಂದು ನೋಡುವುದೆಂದು ಮಾತೂ ಆಗಿತ್ತು.

"ಮತ್ತೆ ಅಕ್ಕ?"

"ದೊಡ್ಡ ಆಟೋ ಬರುತ್ತಲ್ಲ, ಅದನ್ನ ಮಾತಾಡ್ಕೊಂಡ್ರಾಯ್ತು."

"ಅವಳ ಕಾಲು ಎತ್ತೋಕಾಗಲ್ಲ ಅಂತ ನಿಮಗೆ ಗೊತ್ತಿಲ್ವಾ?"

"ನಿಂಗೂ ದಿನಾ ಈ ದೀಪದ ಗೋಳು ತಪ್ಪುತ್ತೆ" ಅಂದು ಮಜ್ಜಿಗೆ ಬಡಿಸಿಕೊಂಡರು. ಭಾನುವಾರದೊಳಗೆ ಆ ದೀಪ ನಿಜ ಎಂದು ತೋರಿಸದಿದ್ದರೆ ಕಾರೂ ಹೋಗುತ್ತಿತ್ತು, ಅಕ್ಕನ ಥೆರಪಿಯೂ ಹೋಗುತ್ತಿತ್ತು.

ಮರುದಿನ ಸೋಮವಾರ ಎಂದಿನ ಹಾಗೆ ಎಂಟಕ್ಕೆ ಹೊರಟೆ. ರಸ್ತೆಯ ಬದಿಯಲ್ಲಿ ನಿಂತಿದ್ದ ಕಾರನ್ನು ಸ್ಟಾರ್ಟ್ ಮಾಡಿ ಎರಡು ರಸ್ತೆ ದಾಟಿದೆ, ದೀಪ ಬಂತು. ಈ ಸಲ ನಾನು ಇಂಜಿನ್ ಆರಿಸಲೇ ಇಲ್ಲ. ಅಕ್ಕನ ಮನೆಯ ಮುಂದೆ ಕಾರು ಗುರುಗುಟ್ಟುತ್ತಿರುವಾಗಲೇ ಇನ್ನೂ ಕೆಲಸಕ್ಕೆ ಹೊರಡದಿದ್ದ ಅವಳ ಮಗನನ್ನು ಕರೆದು, ಅವನ ಕೈಯಿಂದ ಅವಳನ್ನು ಹಿಂದೆ ಕೂರಿಸಿದೆ. ಥೆರಪಿಗೆ ಹೋಗುವ ದಾರಿಯಲ್ಲಿ ಒಂದು ಗ್ಯಾರೇಜಿದೆ. ನೇರವಾಗಿ ಅದರೊಳಕ್ಕೆ ನುಗ್ಗಿಸಿದೆ.

"ಇದೆಲ್ಲಿಗೆ ಕರ್ಕೊಂಬಂದ್ಬುಟ್ಟೆ ನನ್ನ?" ಅಂದಳು ಅಕ್ಕ.

"ಐದು ನಿಮಿಷ, ಸುಮ್ನಿರು."

"ಅಯ್ಯೋ, ಅದು ಉರ್ಕೊಂಡ್ರೆ ಉರ್ಕೊಳ್ಳಿ ಬುಡೆ. ಗಾಡಿ ಓಡ್ತಾ ಅದ್ಯಲ್ಲ."

ಆ ಗ್ಯಾರೇಜಿನ ಮೆಕ್ಯಾನಿಕ್ ಬಾಯಿ ಜೋರಿನ ಮನುಷ್ಯ. ಬಗ್ಗಿ ನೋಡಿ, ಲೈಟ್ ಉರೀತದೆ ಎಂದು ನನಗೇ ಹೇಳಿದರು. ನನಗೆ ಅವರ ಕೈ ಹಿಡಿದುಕೊಳ್ಳುವಷ್ಟು ಸಂತೋಷವಾಯಿತು. ನನ್ನನ್ನು ಬಿಟ್ಟು ಇನ್ನೊಬ್ಬರು ಆ ದೀಪವನ್ನು ನೋಡಿದ್ದು ಅದೇ ಮೊದಲು. ಪೆಟ್ರೋಲ್ ಸರಿಯಿಲ್ಲ ಮೇಡಂ, ಬಂಕ್ ಬದಲಾಯಿಸಿ ಎಂದು ಒಂದು ಉಪದೇಶ ಕೊಟ್ಟರು. ಆಮೇಲೆ ಮೊಬೈಲಿನಂಥ ಒಂದು ಯಂತ್ರ ತಂದು ಸ್ಟಿಯರಿಂಗಿನ ಕೆಳಗೆ ಸಿಕ್ಕಿಸಿ ಓದಿದ ಮೇಲೆ ಬಂಕಿನ ಮಾತು ಬಿಟ್ಟರು.

"ಆಕ್ಸಿಜನ್ ಸೆನ್ಸರ್ ಮೇಡಂ. ಹೊಗೆ ಕೊಳವೇಲಿ ಕೂತಿರ್ತದೆ. ಹೊಗೇಲಿ ಆಕ್ಸಿಜನ್ ಎಷ್ಟು ಉಳಿದದೆ ಅಂತ ಇಂಜಿನ್‌ಗೆ ಹೇಳೋದೇ ಅದು. ತಣ್ಣಗಿದ್ರೆ ಅದಕ್ಕೆ ಏನೂ ತಿಳಿಯಲ್ಲ, ಅದಕ್ಕೇ ಒಳಗೆ ಒಂದು ಹೀಟರ್ ಇಟ್ಟಿರ್ತಾರೆ. ಆ ಹೀಟರ್ ಸೋತೋಗದೆ. ಚಳೀಲಿ ಬೇಗ ಬಿಸಿ ಆಗ್ತಿಲ್ಲ. ಇಂಜಿನ್ ಬಿಸಿ ಇದ್ದಾಗ ಸರಿಯಾಗೇ ಇರ್ತದೆ."

"ಹಾಗಾದ್ರೆ ದಿನಾ ಬೆಳಿಗ್ಗೆ ಬರ್ಬೇಕಲ್ಲ? ಗುರುವಾರ ಬರೋದೇ ಇಲ್ಲ."

"ಒಂದ್ಸಲ ತಪ್ಪು ಕಂಡ್ರೆ ಕಂಪ್ಯೂಟರ್ ಸುಮ್ನಿರ್ತದೆ. ಮತ್ತೆ ಸ್ಟಾರ್ಟ್ ಮಾಡ್ದಾಗ್ಲೂ ಅದೇ ತಪ್ಪು ಕಂಡ್ರೆ, ಆವಾಗ ಲೈಟ್ ಹಾಕ್ತದೆ. ಆಮೇಲೆ ಮೂರು ಸಲ ಸ್ಟಾರ್ಟ್ ಮಾಡ್ದಾಗ ಸರಿ ಇದ್ರೆ ಅದೇ ಆರಿಸ್ಬುಡ್ತದೆ. ತಣ್ಣಗಿರೋವಾಗ ಎರಡೆರಡು ಸಲ ಸ್ಟಾರ್ಟ್ ಮಾಡ್ತೀರಾ ನೀವು?"

ಇಲ್ಲ ಅಂದೆ. ಹಿಂದಿನ ಸೀಟಿನಿಂದ ಅಕ್ಕ ಬಾಯಿ ಹಾಕಿದಳು. "ನಿಮ್ಮೆಜಮಾನ್ರು ಆಚೆ ತಂದಿಡ್ತಾರೆ ಅಂತಿದ್ಯಲ್ಲೇ, ಅದು ಸ್ಟಾರ್ಟ್ ಮಾಡ್ದಂಗಲ್ವಾ?"

ಮೆಕ್ಯಾನಿಕ್ ಕೈ ಆಡಿಸಿ, ಅಷ್ಟೇ ಮೇಡಂ, ಅದೇ ಅಂದರು. ಸೆನ್ಸರ್ ತರಿಸಬೇಕು, ಶನಿವಾರ ಬನ್ನಿ, ಅಲ್ಲಿಯ ತನಕ ಓಡಿಸಿದರೆ ಏನೂ ಆಗುವುದಿಲ್ಲ ಎಂದೂ ಹೇಳಿದರು.

ಥೆರಪಿಯವರು ಅಕ್ಕನನ್ನು ಒಳಗೆ ಕರೆದುಕೊಂಡು ಹೋದ ಮೇಲೆ ನಾನು ಹೊರಗಿನ ಬೆಂಚಿನ ಮೇಲೆ ಕೂತು ಯೋಚಿಸಿದೆ. ನಾನು ಮನೆಗೆ ವಾಪಸಾಗುವ ಹೊತ್ತಿಗೆ ದೀಪ ಯಾಕೆ ಆರಿರುತ್ತದೆ ಎನ್ನುವುದು ಬಗೆಹರಿದಿತ್ತು. ಅಕ್ಕನ ಮನೆಯಲ್ಲಿ ಒಂದು ಸಲ, ಇಲ್ಲಿ ಒಂದು ಸಲ, ವಾಪಸು ಅಕ್ಕನ ಮನೆಯಿಂದ ಹೊರಡುವಾಗ ಒಂದು ಸಲ, ಬಿಸಿ ಇಂಜಿನ್ನಿನಲ್ಲಿ ಮೂರು ಸ್ಟಾರ್ಟ್ ಆಗಿಬಿಡುತ್ತಿದ್ದವು. ಸೋಮವಾರ, ಶನಿವಾರ ಯಾಕೆ ಬರುತ್ತದೆ ಎನ್ನುವುದೂ ಬಗೆಹರಿಯಿತು. ಆ ಎರಡು ದಿನ ಯಜಮಾನರು ಕಾರನ್ನು ಮೊದಲೇ ಸ್ಟಾರ್ಟ್ ಮಾಡಿ ಆಚೆ ಇಟ್ಟು ಆರಿಸುತ್ತಾರೆ, ಅದು ತಣ್ಣಗಾದ ಮೇಲೆ ನಾನು ಮತ್ತೆ ಸ್ಟಾರ್ಟ್ ಮಾಡುತ್ತೇನೆ. ಉಳಿದದ್ದು ಒಂದೇ ಪ್ರಶ್ನೆ. ನನಗೆ ಗೇಟಿನಲ್ಲಿ ತೆಗೆಯಲು ಬರುವುದಿಲ್ಲ ಎಂದಾದರೆ ಗುರುವಾರ ಮಾತ್ರ ಹೇಗೆ ಬರುತ್ತದೆ? ಎರಡು ವರ್ಷದಿಂದ ಪ್ರತಿ ಗುರುವಾರವೂ ತಪ್ಪದೆ ಮರೆಯುವ ಮನುಷ್ಯ ಎಲ್ಲಿದ್ದಾನೆ?

ಸೋಮವಾರ ನಾನು ಹೊರಡುವುದು ಎಂಟಕ್ಕೆ. ಗುರುವಾರವೂ ಎಂಟಕ್ಕೇ. ಶನಿವಾರ ಥೆರಪಿ ತಡವಾಗಿ ಶುರುವಾಗುವುದರಿಂದ ಒಂಬತ್ತೂವರೆಗೆ. ಬೆಂಚಿನ ಮೇಲೆ ಬೆರಳು ಮಡಿಸುತ್ತಿದ್ದವಳು ಅಲ್ಲಿಗೇ ನಿಲ್ಲಿಸಿದೆ. ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಶನಿವಾರ ಒಂಬತ್ತರಿಂದ ಹತ್ತೂವರೆ. ಗುರುವಾರದ್ದು ಮಧ್ಯಾಹ್ನ ಒಂದೂವರೆಯ ಮೇಲೆ. ಇದನ್ನು ನೆನಪು ಮಾಡಿಕೊಳ್ಳಲು ನನಗೆ ಕ್ಯಾಲೆಂಡರ್ ಬೇಕಿರಲಿಲ್ಲ.

ರಾಹುಕಾಲದಲ್ಲಿ ಮನೆಯಿಂದ ಹೊರಡಲೇಬೇಕಾದಾಗ ನಮ್ಮ ಕಡೆ ಪರಸ್ಥಾನ ಇಡುವ ಪದ್ಧತಿಯಿತ್ತು. ಹೊರಡುವವರ ಒಂದು ಚೀಲವನ್ನೋ ಬಟ್ಟೆಯನ್ನೋ ಒಳ್ಳೆಯ ವೇಳೆಯಲ್ಲಿ ಎದುರು ಮನೆಗೆ ಸಾಗಿಸಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದ ಲೆಕ್ಕ. ಆಮೇಲೆ ಯಾವ ಹೊತ್ತಿಗೆ ಹೊರಟರೂ ದೋಷವಿಲ್ಲ. ನಮ್ಮತ್ತೆ ಇರುವ ತನಕ ಹೀಗೆ ಮಾಡುತ್ತಿದ್ದರು. ಅವರನ್ನು ನಮ್ಮ ಯಜಮಾನರು ಗೇಲಿ ಮಾಡಿದ್ದಕ್ಕೆ ಲೆಕ್ಕವಿಲ್ಲ. "ರಾಹುವಿಗೆ ನಿನ್ನ ಚೀಲದ ಗುರುತು ಸಿಗುತ್ತೇನಮ್ಮಾ?" ಎಂದು ಕೇಳುತ್ತಿದ್ದರು. ಅತ್ತೆ ಹೋದ ಮೇಲೆ ಮನೆಗೆ ಪಂಚಾಂಗ ತರುವುದನ್ನು ನಿಲ್ಲಿಸಿದವರೂ ಅವರೇ. ಅಂಥವರು ನನ್ನ ಕೊಡೆಯನ್ನು ಕಾರಿನಲ್ಲಿಟ್ಟು, ರಾಹುಕಾಲ ಶುರುವಾಗುವ ಮೊದಲೇ, ಗೇಟಿನಾಚೆ ಪರಸ್ಥಾನ ಹೊರಡಿಸುತ್ತಿದ್ದರು. ನನಗೆ ಬೆಂಚಿನ ಮೇಲೆ ಕೂತಲ್ಲೇ ನಗು ಬಂತು. ಹಿಂದೆಯೇ, ನನ್ನ ಕೈಲಾಗದು ಎಂದು ಯಾಕೆ ಹೇಳಬೇಕಿತ್ತು ಎಂದು ಸಂಕಟವೂ ಆಯಿತು.

ಮನೆಗೆ ಬಂದು ಆ ದಿನ ಏನೂ ಹೇಳಲಿಲ್ಲ. ಹೇಳಿದರೆ ಗ್ಯಾರೇಜಿನವರು ಏನೋ ಕತೆ ಕಟ್ಟಿದ್ದಾರೆ ಅನ್ನುತ್ತಿದ್ದರು. ಭೌತಶಾಸ್ತ್ರದವರಿಗೆ ಕಣ್ಣೆದುರೇ ತೋರಿಸಬೇಕು.

ಗುರುವಾರ ಬೆಳಿಗ್ಗೆ ಏಳೂಕಾಲಿಗೆ ಅವರನ್ನು ಪೇಪರ್ ಸಮೇತ ಎಬ್ಬಿಸಿಕೊಂಡು ಬಂದು ಶೆಡ್ಡಿನಲ್ಲಿದ್ದ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂರಿಸಿದೆ. ಸ್ಟಾರ್ಟ್ ಮಾಡಿದೆ. ದೀಪ ಬರಲಿಲ್ಲ. "ನೋಡಿದ್ಯಾ?" ಅಂದರು. ಒಂದು ನಿಮಿಷ ಓಡಿಸಿ ಆರಿಸಿದೆ. "ಬನ್ನಿ, ಕಾಫಿ ಕುಡಿಯೋಣ" ಅಂದೆ. ಇವಳಿಗೆ ಏನೋ ಆಗಿದೆ ಎನ್ನುವ ಹಾಗೆ ಮುಖ ನೋಡಿದರು. ಕಾಫಿ ಕುಡಿದದ್ದಾಯಿತು. ಕಾರು ತಣ್ಣಗಾಗುವ ತನಕ ಅವರು ಪೇಪರ್ ಓದಿದರು, ನಾನು ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚಿದೆ. ಎಂಟು ಹೊಡೆಯುವ ಹೊತ್ತಿಗೆ ಮತ್ತೆ ಕರೆದುಕೊಂಡು ಹೋಗಿ ಕೂರಿಸಿ ಸ್ಟಾರ್ಟ್ ಮಾಡಿದೆ.

ದೀಪಗಳೆಲ್ಲ ಹೊತ್ತಿಕೊಂಡವು, ಆರಿದವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಬರದಿದ್ದರೆ ಭಾನುವಾರ ಕಾರು ಹೋಗುತ್ತದೆ, ಅಕ್ಕ ಮತ್ತೆ ಮಂಚ ಹಿಡಿಯುತ್ತಾಳೆ. ಕೈ ಮಡಿಲಲ್ಲಿಟ್ಟುಕೊಂಡು ಕಾದೆ. ಇಂಜಿನ್ ಓಡುತ್ತಲೇ ಇತ್ತು. ಹಳದಿ ದೀಪ ಬಂತು.

ಯಜಮಾನರು ಮುಂದಕ್ಕೆ ಬಗ್ಗಿ ಅದನ್ನು ನೋಡಿದರು. ಇಂಜಿನ್ ಸದ್ದು ಕೇಳಿಸಿಕೊಂಡರು. ಕನ್ನಡಕ ತೆಗೆದು ಶರ್ಟಿನ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ನಾನು ಗ್ಯಾರೇಜಿನವರು ಹೇಳಿದ ಸೆನ್ಸರ್, ಹೀಟರ್, ಎರಡು ಸಲದ ಲೆಕ್ಕ ಎಲ್ಲವನ್ನೂ ಹೇಳಿದೆ. ಅವರಿಗೆ ಎರಡನೆಯ ಸಲ ಹೇಳಬೇಕಾಗಲಿಲ್ಲ.

"ಸೋಮವಾರ, ಶನಿವಾರ ನೀವು ಮಾಡೋದೂ ಇದನ್ನೇ ಕಣ್ರೀ" ಅಂದೆ. "ಗುರುವಾರ ಯಾಕೆ ಮಾಡಲ್ಲ?"

ಅವರು ಕಿಟಕಿಯ ಕಡೆ ತಿರುಗಿದರು.

"ನಮ್ಮತ್ತೆ ಚೀಲ ಇಡ್ತಿದ್ರು. ನೀವು ಕೊಡೆ ಇಡ್ತೀರಿ."

ಅವರ ಮುಖ ಕೆಂಪಾಯಿತು. ಇಷ್ಟು ವರ್ಷದಲ್ಲಿ ಅವರು ನಾಚಿಕೊಂಡದ್ದನ್ನು ನಾನು ನೋಡಿದ್ದು ಕಡಿಮೆ. ಇಂಜಿನ್ ಆರಿಸು ಅಂದರು. ಆರಿಸಿದೆ.

"ಅವತ್ತು ಗೇಟಿಗೆ ಉಜ್ಜಿದ್ಯಲ್ಲ, ನಾನು ಬಾಲ್ಕನೀಲಿದ್ದೆ" ಅಂದರು.

"ಗೊತ್ತು. ಅಲ್ಲಿಂದ್ಲೇ ಕೂಗಿದ್ರಲ್ಲ, ಬೀದಿಗೆಲ್ಲ ಕೇಳೋ ಹಾಗೆ."

"ಕೂಗಿದ್ದು ಗೇಟಿಗಲ್ಲ. ನೀರಿನ ಟ್ಯಾಂಕರ್ ಬರ್ತಿತ್ತು, ಜೋರಾಗಿ. ನೀನು ಆ ಕಡೆ ನೋಡ್ಲೇ ಇಲ್ಲ. ಕಂಬಕ್ಕೆ ಉಜ್ಜಿ ಕಾರು ನಿಂತ್ಬಿಡ್ತು, ಟ್ಯಾಂಕರ್ ಮುಂದೆ ಹೋಯ್ತು. ಉಜ್ಜದೆ ಇದ್ದಿದ್ರೆ..." ಅಲ್ಲಿಗೆ ನಿಲ್ಲಿಸಿದರು. ಆಮೇಲೆ, "ಅವತ್ತು ಸೋಮವಾರ. ಎಂಟು ಗಂಟೆ" ಅಂದರು.

ಟ್ಯಾಂಕರ್ ಬಂದದ್ದು ನನಗೆ ಗೊತ್ತೇ ಇರಲಿಲ್ಲ. ನನಗೆ ಕೇಳಿಸಿದ್ದು ಕಂಬಕ್ಕೆ ತಗಡು ಉಜ್ಜಿದ ಸದ್ದು, ಅವರ ಕೂಗು, ಅಷ್ಟೇ.

"ಹಾಗಾದ್ರೆ ರಾಹುಕಾಲ ನಂಬ್ತೀರಾ?"

"ಇಲ್ಲ."

"ಮತ್ತೆ?"

"ನಂಬಲ್ಲ. ಆದ್ರೂ ಇಡದೆ ಇರೋಕಾಗ್ಲಿಲ್ಲ. ನೀನು ಹೋದೋಳು ವಾಪಸ್ ಬರೋ ತನಕ ನಂಗೆ ಪೇಪರ್ ಕೂಡ ಓದೋಕಾಗಲ್ಲ ಕಣೆ. ಕಾರು ಕೊಟ್ಟುಬಿಟ್ರೆ ನೀನು ಓಡಿಸೋದು ತಪ್ಪುತ್ತೆ ಅಂತಾನೇ ಅಂದಿದ್ದು. ದೀಪ ಒಂದು ನೆಪ ಆಯ್ತು."

ಕರಗಿಹೋಗಬೇಕಾದ ಮಾತು ಎಂದು ಈಗ ಅನ್ನಿಸುತ್ತದೆ. ಆ ಹೊತ್ತಿಗೆ ನನಗೆ ಬಂದದ್ದು ಸಿಟ್ಟು, ಎಲ್ಲಿತ್ತೋ ಅಷ್ಟೂ ಸಿಟ್ಟು.

"ಇದನ್ನ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ? ಹೆದ್ರಿಕೆ ಆಗುತ್ತೆ, ನೋಡ್ಕೊಂಡು ಹೋಗು ಅಂದಿದ್ರೆ ನೋಡ್ಕೊಂಡು ಹೋಗ್ತಿದ್ದೆ. ನಿಂಗೆ ಬರಲ್ಲ ಅಂದ್ರಿ. ನಂಗೆ ಬರಲ್ಲ ಅಂದ್ಕೊಂಡೇ ಎರಡು ವರ್ಷ ಅಕ್ಕನ್ನ ಹಿಂದೆ ಕೂರಿಸ್ಕೊಂಡು ಓಡಿಸಿದೀನಿ. ನಿಮ್ಮ ಹೆದ್ರಿಕೇನ ನನ್ನ ತಲೆ ಮೇಲೆ ಹಾಕಿ ನೀವು ಆರಾಮಾಗಿ ಕೂತ್ರಿ."

"ಹೆದ್ರಿಕೆ ಅಂದಿದ್ರೆ ನೀನು ನಗ್ತಿದ್ದೆ."

"ನಗ್ತಿದ್ದೆ. ನಕ್ಕೊಂಡೇ ಓಡಿಸ್ತಿದ್ದೆ."

ಅಕ್ಕನಿಗೆ ಹೊತ್ತಾಗುತ್ತಿತ್ತು. ಅವರನ್ನು ಇಳಿಸಿ, ಉರಿಯುವ ದೀಪದ ಜೊತೆಯಲ್ಲೇ ಕಾರು ತೆಗೆದುಕೊಂಡು ಹೋದೆ. ಮಧ್ಯಾಹ್ನ ವಾಪಸು ಬಂದಾಗ ಅವರು ಗೆಳೆಯರಿಗೆ ಫೋನ್ ಮಾಡಿ ಕಾರು ಕೊಡುವುದಿಲ್ಲ ಎಂದು ಹೇಳಿ ಮುಗಿಸಿದ್ದರು. ಅವರು ಯಾಕೆ ಎಂದು ಕೇಳಿದ್ದಕ್ಕೆ ಏನು ಹೇಳಿದಿರಿ ಅಂದೆ. ಮನೆಯವಳು ಓಡಿಸುತ್ತಾಳೆ ಅಂದೆ ಎಂದರು. ಎರಡು ದಿನ ನಾನು ಅವರ ಜೊತೆ ಬೇಕಾದಷ್ಟೇ ಮಾತಾಡಿದೆ.

ಶನಿವಾರ ಹೊಸ ಸೆನ್ಸರ್ ಹಾಕಿಸಿದೆವು. ಹಳೆಯದನ್ನು ಮೆಕ್ಯಾನಿಕ್ ಒಂದು ಪೇಪರಿನಲ್ಲಿ ಸುತ್ತಿ ಕೊಟ್ಟರು. ಯಜಮಾನರು ಅದನ್ನು ಮನೆಗೆ ತಂದು ಮೀಟರ್ ಹಿಡಿದು ಪರೀಕ್ಷೆ ಮಾಡಿ, ಹೀಟರ್ ಹೋಗಿದೆ ಎಂದು ತಾವೇ ಕಂಡುಹಿಡಿದ ಹಾಗೆ ನನಗೆ ತಿಳಿಸಿದರು. ನಾನು ಹೌದಾ ಅಂದೆ.

ಸೋಮವಾರ ಕಾರು ಶೆಡ್ಡಿನಲ್ಲೇ ಇತ್ತು. ಏಳೂವರೆ ಆಯಿತು. ಯಜಮಾನರು ಹಜಾರದಲ್ಲಿ ಪೇಪರ್ ಹಿಡಿದುಕೊಂಡು ಕೂತಿದ್ದರು, ಪುಟ ತಿರುಗುತ್ತಿರಲಿಲ್ಲ. ಎಂಟಕ್ಕೆ ನಾನು ಕಾರು ತೆಗೆದೆ. ಗೇಟಿನಲ್ಲಿ ನಿಲ್ಲಿಸಿ ಎರಡೂ ಕಡೆ ನೋಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಒಂಟಿಕೊಪ್ಪಲಿನ ತನಕ ದೀಪ ಬರಲಿಲ್ಲ, ಕೈ ಬೆವರಲಿಲ್ಲ. ಅಕ್ಕನ ಮನೆಯ ಮುಂದೆ ನಿಲ್ಲಿಸಿ, ಅವಳನ್ನು ಕರೆತರುವ ಮೊದಲು ಮನೆಗೆ ಫೋನ್ ಮಾಡಿದೆ. ಒಂದು ರಿಂಗ್ ಪೂರ್ತಿ ಆಗುವ ಮೊದಲೇ ಎತ್ತಿದರು.

"ತಲುಪಿದೆ ಕಣ್ರೀ" ಅಂದೆ.

"ದೀಪ?"

"ಇಲ್ಲ."

ಆ ಕಡೆ ಅವರ ಉಸಿರು ಕೇಳುತ್ತಿತ್ತು.

"ಇನ್ನೂ ಒಂಬತ್ತಾಗಿಲ್ಲ" ಅಂದರು. "ನಂಗೆ ಹೆದ್ರಿಕೆ ಆಗ್ತಿದೆ ಕಣೆ. ನೋಡ್ಕೊಂಡು ಹೋಗು."

ನನಗೆ ನಗು ಬರಲಿಲ್ಲ. ಹೂಂ ಅಂದು ಫೋನ್ ಇಟ್ಟೆ. ಅಕ್ಕನನ್ನು ಕೂರಿಸಿಕೊಂಡು, ನೋಡಿಕೊಂಡು ಹೋದೆ.